ಏಡಿಗದ್ದೆಯ ಬೋರ್ಡುಗಳು

ಇಪ್ಪತ್ತೆಂಟು ವರ್ಷ ಗೋಣಿಕೊಪ್ಪದಲ್ಲಿ
ತಗಡಿನ ಮೇಲೆ ಬರೆದವನು ನಾನು, ಪೈಂಟರ್ ಮೊಯ್ದು.
'ಸಾಲ ಕೇಳಬೇಡಿ', 'ಇಲ್ಲಿ ಉಗುಳಬಾರದು',
'ಕಾಫಿ, ಕರಿಮೆಣಸು ಕೊಳ್ಳಲಾಗುವುದು':
ಇವೇ ನನ್ನ ಕೃತಿಗಳು. ಫ್ಲೆಕ್ಸ್ ಬಂದ ಮೇಲೆ
ಬ್ರಷ್ಷಿನ ಕೂದಲು ಡಬ್ಬಿಯಲ್ಲೇ ಒಣಗಿತ್ತು.

ಆಗ ಬಂದರು ಬೆಳ್ಯಪ್ಪ, ಮೊಣಕಾಲಿಗೆ ಪಟ್ಟಿ ಸುತ್ತಿ.
ಆ ಗದ್ದೆಯ ಕೆಸರಲ್ಲೇ ಒಂದು ಕಾಲಕ್ಕೆ
ನಾಟಿ ಓಟ ಓಡಿ ಬಾಳೆಗೊನೆ ಗೆದ್ದವರು.
ನೇಗಿಲು ನಿಂತು ಹದಿನಾಲ್ಕು ವರ್ಷ;
ಏರಿ ಒಡೆದು, ನೀರು ಹೇಳದೆ ಕೇಳದೆ
ಬಂದು ಕೂತಿದೆ.
'ಹಾಗೇ ಬಿಟ್ಟುಬಿಡೋಣ ಅಂತ ಊರಿನ ತೀರ್ಮಾನ.
ನೋಡಲು ಬರೋರಿಗೆ ತಿಳೀಬೇಕಲ್ಲ, ಯಾವುದು ಏನು ಅಂತ.
ನಲವತ್ತು ಬೋರ್ಡು. ಹಳದಿ ಮೇಲೆ ಕಪ್ಪು.'
'ಹಸಿರು ಮೇಲೆ ಬಿಳಿ,' ಅಂದೆ. 'ಹಳದಿ ಅಂದರೆ
ಕೊಡಗಿಗೆ ಬಾರದ ರೈಲಿಗೆ
ಕಾದು ಕೂತಾವು ಕೊಕ್ಕರೆಗಳು.'

ಬರೆಯೋದು ಸುಲಭ. ಏನಂತ ಬರೆಯೋದು?
ಕಾಲೇಜಿನ ದೇಚಮ್ಮ ಪುಸ್ತಕ ಬಿಚ್ಚಿ
ಲ್ಯಾಟಿನ್ನಿನ ಉದ್ದ ಹೆಸರೊಂದನ್ನು ಓದಿದಳು,
ಅಂಬೆಗಾಲಿನ ಮಗುವಿಗೆ ಅಜ್ಜನ ಕೋಟು ತೊಡಿಸಿದ ಹಾಗೆ.
ಬೆಳ್ಯಪ್ಪ ಕೊಡವ ತಕ್ಕಿನಲ್ಲಿ ಒಂದು ಅಂದರು.
ನನ್ನ ಉಮ್ಮ ಬೇರೆ ಏನೋ ಅನ್ನುತ್ತಿದ್ದಳು.
ಸೊಂಟಮಟ್ಟ ನೀರಲ್ಲಿ ಅಂತರಗಂಗೆ ಕಿತ್ತು
ದಂಡೆಗೆ ಎಸೆಯುತ್ತಿದ್ದಳು ಎರವರ ಮಾಚಿ:
ಇಲ್ಲೇ ನಾಟಿ ನೆಟ್ಟವಳು,
ಓಟಕ್ಕೆ ಯಾರೂ ಕರೆಯದವಳು.
ತಲೆ ಎತ್ತದೆ ಕೇಳಿದಳು:
'ಯಾವಾಗಿನ ಹೆಸರು ಬೇಕು?
ಎಳೆಯದಿದ್ದಾಗ ಅದು ಸೊಪ್ಪು.
ಬಲಿತರೆ ಗಾಯದ ಮದ್ದು.
ಹೂ ಬಿಟ್ಟರೆ, ಮೀನು ಮೊಟ್ಟೆ ಇಡುವ ಹೊತ್ತು.'

ಆದರೂ ಬರೆದೆ. ಬಜೆ. ಒಂದೆಲಗ. ಜೊಂಡು.
ಮುಂಡುಗೆ ಬರೆಯುವಾಗ ಅದರ ಮುಳ್ಳು
ಹಿಂದಿನಿಂದ ಲುಂಗಿ ಹಿಡಿದೆಳೆದು
ಕೊಂಬು ಸರಿ ಇದೆಯಾ ಎಂದು ವಿಚಾರಿಸಿತು.
ಮಳೆಹನಿಯೂ ಅಂಟದ ಕೆಸದೆಲೆಗೆ
ನನ್ನ ಎನಾಮೆಲ್ ಒಂದು ತೊಟ್ಟು ಅಂಟಿತು.
ಯಾರೂ ನೋಡಲಿಲ್ಲ. ಎಲೆ ಕಿತ್ತು
ಜೇಬಿಗೆ ಹಾಕಿಕೊಂಡೆ.

'ಹುಂಡುಕೋಳಿ' ಎಂದ ಕಡೆ ಹುಂಡುಕೋಳಿ ಸುಳಿಯಲಿಲ್ಲ;
'ಬಜೆ'ಯ ಹತ್ತಿರ ಮರಿಗಳ ಕರೆದುಕೊಂಡು ಓಡಾಡಿತು.
'ನೀರುನಾಯಿ'ಯ ಕಂಬದ ಬುಡದಲ್ಲಿ ಮಾತ್ರ
ಬೆಳಿಗ್ಗೆ ಹಸಿ ಹಿಕ್ಕೆ,
ಏಡಿಚಿಪ್ಪಿನ ಚೂರು, ಮೀನಿನ ಹುರುಪೆ ಸಮೇತ:
ಓದಿ ನೋಡಿದ್ದೇನೆ ಎಂಬ ರುಜು.

ಮೂವತ್ತೇಳನೆಯದು ಹಾಗೇ ಉಳಿಯಿತು.
ಉಗುರಿನಷ್ಟು ನೀಲಿ ಹೂ, ನೀರಿನಂಚಲ್ಲಿ,
ಮಧ್ಯಾಹ್ನಕ್ಕೆ ಮುಚ್ಚಿಕೊಳ್ಳುವಂಥದ್ದು.
ಪುಸ್ತಕದಲ್ಲಿಲ್ಲ. ದೇಚಮ್ಮ ಫೋಟೋ ಹಿಡಿದು
ಮೈಸೂರಿಗೆ ಕಳಿಸಿದಳು, ಉತ್ತರ ಬಂದಿಲ್ಲ.
ಬೆಳ್ಯಪ್ಪ, 'ಕಳೆ ಅಂತ ಕೀಳಿಸ್ತಿದ್ದೆವು,' ಅಂದರು, ಮೆಲ್ಲಗೆ.
ಮಾಚಿ ಬಗ್ಗಿ ತುಂಬ ಹೊತ್ತು ನೋಡಿದಳು.
ಎದ್ದು ಕೈ ತೊಳೆದುಕೊಂಡು,
'ನಮ್ಮವ್ವನಿಗೆ ಗೊತ್ತಿತ್ತು,' ಅಂದಳು.

ಕಕ್ಕಡದ ಮಳೆ ಹಿಡಿದದ್ದು ಒಂಬತ್ತು ದಿನ.
ಏಡಿಗಳು ಕಂಬಗಳ ಬುಡ ಕೊರೆದವು.
'ಒಂದೆಲಗ' ತೇಲಿಹೋಗಿ ರಸ್ತೆಮೋರಿಯಲ್ಲಿ ಸಿಕ್ಕಿತು.
'ಜೊಂಡು' ಜೊಂಡಿನೊಳಗೇ ಮಲಗಿತು.
ಹನ್ನೆರಡು ಬೋರ್ಡು ಹೋದವು; ಗಿಡ ಒಂದೂ ಹೋಗಲಿಲ್ಲ.

ಮೂವತ್ತೇಳು ನೆಟ್ಟಗೆ ನಿಂತಿತ್ತು.
ಅದರ ಹಿಂಬದಿಗೆ, ಯಾರೂ ಓದದ ಕಡೆ,
ಮೊನ್ನೆ ಸಣ್ಣ ಬ್ರಷ್ಷಿನಲ್ಲಿ ಬರೆದೆ:
'ಮಾಚಿಯ ಅವ್ವನನ್ನು ಕೇಳಿ.'
ಅವಳು ಆಚೆ ದಿಬ್ಬದಲ್ಲಿ, ಹಲಸಿನ ಮರದಡಿ
ಮಣ್ಣಾಗಿ ಹನ್ನೊಂದು ಮಳೆ ಕಳೆದಿವೆ.

ಮುಂಬದಿ ನನ್ನ ಕೆಲಸವಲ್ಲ ಈಗ.
ಮಿಂಚುಳ್ಳಿಯೊಂದು ದಿನವೂ ಬಂದು ಕೂತು
ಮೀನು ನುಂಗಿ, ಹಿಂದೆ ಸರಿದು
ತಾನೇ ಬರೆಯುತ್ತಿದೆ,
ಹಸಿರು ಮೇಲೆ ಬಿಳಿ.